ಹಿಂದಿರುಗುವ ದಿನಾಂಕ ಗೊತ್ತಿದ್ದ ಊರು

ವಿನಿಮಯ ವಿದ್ಯಾರ್ಥಿಯಾಗಿ ಪರದೇಶಕ್ಕೆ ಹೊರಟವರ ಕೈಸೇರುವ ಮೊದಲ ಕಾಗದಗಳಲ್ಲಿಯೇ ಅವರು ಅಲ್ಲಿಂದ ಹೊರಡಬೇಕಾದ ದಿನಾಂಕವೂ ಅಚ್ಚಾಗಿರುತ್ತದೆ. ಪೂರ್ಣ ಪದವಿಗೆಂದು ಹೋದವರು ಓದು ಮುಗಿದ ಮೇಲೆ ಅಲ್ಲಿಯೇ ಕೆಲಸ ಹುಡುಕಬಹುದು, ಅಲ್ಲಿಯೇ ನೆಲೆಸಬಹುದು. ಅವರ ಮುಂದೆ ದಾರಿ ತೆರೆದಿರುತ್ತದೆ. ಪ್ರವಾಸಕ್ಕೆ ಹೋದವರಿಗೆ ಉಳಿಯುವ ಪ್ರಶ್ನೆಯೇ ಇಲ್ಲ, ಆದ್ದರಿಂದ ಆ ಚಿಂತೆಯೂ ಇಲ್ಲ. ವಿನಿಮಯ ವಿದ್ಯಾರ್ಥಿಗಳ ಸ್ಥಿತಿ ಇವೆರಡಕ್ಕಿಂತ ಬೇರೆ. ಅವರಿಗೆ ಮನೆಯ ಕೀಲಿ, ಗ್ರಂಥಾಲಯದ ಕಾರ್ಡು, ತರಗತಿಯ ಹಾಜರಾತಿಯಲ್ಲಿ ಹೆಸರು, ಎಲ್ಲವೂ ಸಿಗುತ್ತವೆ. ಆದರೆ ಅದೆಲ್ಲವೂ ಇಂಥ ತಿಂಗಳ ಇಂಥ ತಾರೀಖಿನವರೆಗೆ ಮಾತ್ರ. ಸ್ವೀಡನ್ನಿನ ಉಪ್ಸಾಲಾ ನಗರದಲ್ಲಿ ಒಂದು ಶರತ್ಕಾಲದ ಸೆಮಿಸ್ಟರನ್ನು ಹೀಗೆ ಕಳೆದು ಬಂದ ಮೇಲೆ, ಅಷ್ಟು ಕಡಿಮೆ ಅವಧಿಗೆ ಒಂದು ಊರಿನಲ್ಲಿರುವವರಿಗೆ ಆ ಊರು ಹೇಗೆ ತಮ್ಮದಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸ್ವಾಗತದಿಂದ ಆಗುವುದಿಲ್ಲ, ಯಾರಾದರೂ ನಮಗೊಂದು ಕೆಲಸ ಹಚ್ಚಿದಾಗ ಆಗುತ್ತದೆ ಎಂಬುದು ನಾನು ಕಂಡುಕೊಂಡ ಉತ್ತರ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿದೆ.

ಸ್ವಾಗತಕ್ಕೇನೂ ಕೊರತೆಯಿರಲಿಲ್ಲ. ಉಪ್ಸಾಲಾ ವಿಶ್ವವಿದ್ಯಾಲಯ 1477ರಲ್ಲಿ ಆರಂಭವಾದದ್ದು, ಸ್ವೀಡನ್ನಿನಲ್ಲಿಯೇ ಅತ್ಯಂತ ಹಳೆಯದು. ಹೊರಗಿನಿಂದ ಬರುವ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವುದು ಅದಕ್ಕೆ ಎಂದಿನಿಂದಲೋ ರೂಢಿಯಾದ ಕೆಲಸ. ಆಗಸ್ಟ್ ಕೊನೆಯಲ್ಲಿ ಬಂದಿಳಿದವರಿಗೆ ಮಾಹಿತಿ ಸಭೆ, ಊರು ಸುತ್ತಿಸುವ ನಡಿಗೆ, ಪರಿಚಯದ ಸಂಜೆಗಳು ಒಂದರ ಹಿಂದೊಂದು ಇರುತ್ತವೆ. ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದದ ಮೇಲೆ ಬಂದವರು ತಮ್ಮ ಮೂಲ ಸಂಸ್ಥೆಗೇ ಶುಲ್ಕ ಕಟ್ಟಿಕೊಂಡಿರುವುದರಿಂದ, ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸ್ವೀಡನ್ 2011ರ ಶರತ್ಕಾಲದಿಂದ ವಿಧಿಸುತ್ತಿರುವ ಬೋಧನಾ ಶುಲ್ಕ ಅವರಿಗೆ ಅನ್ವಯಿಸುವುದಿಲ್ಲ. ಕೋರ್ಸುಗಳ ವ್ಯವಸ್ಥೆಯೂ ಹೊಸಬರಿಗೆ ಅನುಕೂಲವಾಗಿಯೇ ಇದೆ. ಅಲ್ಲಿ ಇಪ್ಪತ್ತು ವಾರಗಳ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಹಲವು ವಿಭಾಗಗಳಲ್ಲಿ ನಾಲ್ಕು ವಿಷಯಗಳನ್ನು ಒಟ್ಟೊಟ್ಟಿಗೆ ಓದುವ ಬದಲು 7.5 ಕ್ರೆಡಿಟ್ಟಿನ ಒಂದು ವಿಷಯವನ್ನು ಐದು ವಾರ ಓದಿ, ಮುಗಿಸಿ, ಮುಂದಿನದಕ್ಕೆ ಹೋಗುತ್ತಾರೆ. ಹತ್ತು ಗಂಟೆಯ ತರಗತಿ ಹತ್ತೂಕಾಲಿಗೆ ಶುರುವಾಗುತ್ತದೆಂಬುದು ಎರಡನೆಯ ದಿನಕ್ಕೇ ತಿಳಿದುಬಿಡುತ್ತದೆ.

ತಿಳಿಯಲು ಹೆಚ್ಚು ಸಮಯ ಹಿಡಿಯುವುದು ಬೇರೊಂದು ಸಂಗತಿ. ಸ್ವೀಡನ್ನಿನಲ್ಲಿ ನೆಲೆಸಿದವರಿಗೆಲ್ಲ ಒಂದು ವೈಯಕ್ತಿಕ ಗುರುತಿನ ಸಂಖ್ಯೆ ಇರುತ್ತದೆ. ಕನಿಷ್ಠ ಒಂದು ವರ್ಷ ಇರಲು ಉದ್ದೇಶಿಸಿದವರನ್ನು ಮಾತ್ರ ಅಲ್ಲಿನ ತೆರಿಗೆ ಇಲಾಖೆ ಜನಸಂಖ್ಯಾ ದಾಖಲೆಗೆ ಸೇರಿಸಿ ಈ ಸಂಖ್ಯೆಯನ್ನು ಕೊಡುತ್ತದೆ. ಒಂದೇ ಸೆಮಿಸ್ಟರಿಗೆ ಬಂದವರಿಗೆ ಅದಿಲ್ಲ. ಸಂಖ್ಯೆ ಇಲ್ಲದಿದ್ದರೆ ಬ್ಯಾಂಕುಗಳು ನೀಡುವ ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತು ಸಿಗುವುದು ಕಷ್ಟ. ಅದಿಲ್ಲದಿದ್ದರೆ ಜನ ಪರಸ್ಪರ ಹಣ ಕಳಿಸಿಕೊಳ್ಳುವ ಸ್ವಿಶ್ ಆ್ಯಪ್ ಬಳಸಲಾಗದು. ಅಂಗಡಿಯಲ್ಲಿ ಯಾವ ದೇಶದ ಕಾರ್ಡಾದರೂ ನಡೆಯುತ್ತದೆ, ಆದ್ದರಿಂದ ಉಪವಾಸವೇನೂ ಬೀಳುವುದಿಲ್ಲ. ತೊಡಕಾಗುವುದು ಮನುಷ್ಯ ಮನುಷ್ಯರ ನಡುವಿನ ಚಿಕ್ಕ ಲೆಕ್ಕಗಳಲ್ಲಿ. ಐದು ಜನ ಕೂಡಿ ಕಾಫಿ ಕುಡಿದು ಎದ್ದಾಗ ನಾಲ್ವರು ಫೋನಿನಲ್ಲಿ ತಮ್ಮ ಪಾಲನ್ನು ಕ್ಷಣದಲ್ಲಿ ತೀರಿಸುತ್ತಾರೆ, ಐದನೆಯವರು ನೋಟು ಹಿಡಿದು ನಿಲ್ಲುತ್ತಾರೆ. ನಗದನ್ನು ಬಹುತೇಕ ಕೈಬಿಟ್ಟಿರುವ ಆ ದೇಶದಲ್ಲಿ ಆ ನೋಟನ್ನು ತೆಗೆದುಕೊಂಡವರಿಗೂ ಅದನ್ನು ಖರ್ಚು ಮಾಡುವುದು ತಲೆನೋವೇ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ನೆಲೆಸಿದವರಿಗಾಗಿ ಅಚ್ಚುಕಟ್ಟಾಗಿ ಕಟ್ಟಿದ ವ್ಯವಸ್ಥೆಯೊಂದರಲ್ಲಿ ಹೋಗಿಬರುವವರು ಎಲ್ಲಿ ನಿಲ್ಲುತ್ತಾರೆಂಬುದನ್ನು ಅದು ತೋರಿಸಿಕೊಡುತ್ತಿತ್ತು, ಅಷ್ಟೆ.

ನನ್ನ ವಸತಿ ಊರಿನ ಪಶ್ಚಿಮದ ಅಂಚಿನ ಫ್ಲೋಗ್‌ಸ್ಟಾದಲ್ಲಿತ್ತು. ಎತ್ತರದ ವಿದ್ಯಾರ್ಥಿ ಕಟ್ಟಡಗಳ ಈ ಬಡಾವಣೆ ರಾತ್ರಿ ಹತ್ತು ಗಂಟೆಯ ಕೂಗಿಗೆ ಹೆಸರಾದದ್ದು. ಹತ್ತು ಹೊಡೆದೊಡನೆ ಯಾರೋ ಒಬ್ಬರು ಕಿಟಕಿ ತೆರೆದು ಗಂಟಲು ಹರಿಯುವಂತೆ ಕೂಗುತ್ತಾರೆ, ಎದುರಿನ ಕಟ್ಟಡದಿಂದ ಇನ್ನೊಬ್ಬರು ಉತ್ತರಿಸುತ್ತಾರೆ, ಒಂದೆರಡು ನಿಮಿಷದಲ್ಲಿ ಎಲ್ಲ ಅಡಗುತ್ತದೆ. ಪರೀಕ್ಷೆಗಳು ಹತ್ತಿರವಾದಾಗ ಕೂಗು ಹೆಚ್ಚುತ್ತದೆಂದು ಹಳಬರು ಹೇಳುತ್ತಿದ್ದರು. ಸಾಲು ಕೋಣೆಗಳ ಒಂದು ಕಾರಿಡಾರು, ಅದರ ತುದಿಗೆ ಎಲ್ಲರಿಗೂ ಸೇರಿದ ಒಂದು ಅಡುಗೆಮನೆ: ನಮ್ಮ ಸಂಸಾರವೆಂದರೆ ಅಷ್ಟೇ. ಆ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಸ್ವಚ್ಛತೆಯ ಪಾಳಿಯ ಪಟ್ಟಿಯಲ್ಲಿ ನನ್ನ ಹೆಸರನ್ನು ಕಂಡ ದಿನ ನನಗಾದ ಸಂತೋಷವನ್ನು ಬೇರೆಯವರಿಗೆ ವಿವರಿಸುವುದು ಸುಲಭವಲ್ಲ. ಆ ವಾರ ನೆಲ ಒರೆಸುವುದು, ಒಲೆ ಉಜ್ಜುವುದು, ಕಾಗದ, ಗಾಜು, ಪ್ಲಾಸ್ಟಿಕ್ಕು, ಹಸಿಕಸಗಳನ್ನು ಬೇರೆ ಮಾಡಿ ಕೆಳಗಿನ ಕಸದ ಕೋಣೆಗೆ ಒಯ್ಯುವುದು ನನ್ನ ಪಾಲಿಗಿತ್ತು. ಮಾಡದಿದ್ದರೆ ಕೇಳಲು ಜನರಿದ್ದರು. ಸ್ವಾಗತ ಸಭೆಗಳಲ್ಲಿ ಯಾರೂ ನಮ್ಮನ್ನು ಏನನ್ನೂ ಕೇಳಿರಲಿಲ್ಲ. ಪಾತ್ರೆ ತೊಳೆಯುವ ಸೋಪಿಗೆಂದು ಎಲ್ಲರೂ ಸ್ವಿಶ್‌ನಲ್ಲಿ ಹಾಕುತ್ತಿದ್ದ ಚಂದಾ ಹಣವನ್ನು ನಾನು ಕೊಡಲಾಗದೆ, ಅದರ ಬದಲು ತಿಂಗಳಿಗೊಮ್ಮೆ ಸೋಪು, ಸ್ಪಂಜುಗಳನ್ನು ನಾನೇ ತಂದಿಡುವುದೆಂದು ಒಪ್ಪಂದವಾಯಿತು. ಹಣ ಕಳಿಸಿದ್ದರೆ ಅದು ಒಂದು ಗುಂಡಿ ಒತ್ತುವುದರಲ್ಲಿ ಮುಗಿದುಹೋಗುತ್ತಿತ್ತು. ಈಗ ಸೋಪು ಮುಗಿದಾಗಲೆಲ್ಲ ಯಾರಾದರೂ ಬಂದು ನನ್ನ ಬಾಗಿಲು ತಟ್ಟುತ್ತಿದ್ದರು.

ಇಲ್ಲಿ ನನ್ನ ಜೊತೆಗಿದ್ದ ಇತರ ವಿನಿಮಯ ವಿದ್ಯಾರ್ಥಿಗಳ ಬಗ್ಗೆ ಹೇಳಲೇಬೇಕು. ಅವರಲ್ಲಿ ಹೆಚ್ಚಿನವರು ಎರಾಸ್ಮಸ್ ಯೋಜನೆಯಡಿ ಬಂದವರು. 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಆರಂಭವಾದ ಆ ಯೋಜನೆಯಿಂದಾಗಿ, ಯುರೋಪಿನ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರನ್ನು ಬೇರೆ ದೇಶದಲ್ಲಿ ಓದುವುದು ಈಗ ವಿಶೇಷವೇನೂ ಅಲ್ಲ. ತುಂಬ ಒಳ್ಳೆಯ ಜನ, ಸ್ನೇಹಕ್ಕೆ ಸದಾ ಸಿದ್ಧರು. ಆದರೆ ಹೊರಡುವ ದಿನಾಂಕ ಗೊತ್ತಿರುವವರಿಗೆ ವಾರಾಂತ್ಯಗಳನ್ನು ಎಣಿಸುವ ಚಟ ಹತ್ತುತ್ತದೆ. ಒಂದು ವಾರ ಸ್ಟಾಕ್‌ಹೋಮ್, ಮತ್ತೊಂದು ವಾರ ಅಲ್ಲಿಂದ ರಾತ್ರಿಯ ಹಡಗು ಹಿಡಿದು ಹೆಲ್ಸಿಂಕಿ ಅಥವಾ ತಾಲಿನ್, ಚಳಿಗಾಲ ಬಂದರೆ ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕನ್ನು (ಅರೋರಾ) ನೋಡಲು ದೇಶದ ಉತ್ತರದ ಊರು ಕಿರೂನಾ. ನೋಡಬಾರದೆಂದಲ್ಲ, ನಾನೂ ಹೋದೆ, ಸಂತೋಷಪಟ್ಟೆ. ಆದರೆ ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮಲಗಲು ಮಾತ್ರ ಉಪ್ಸಾಲಾಕ್ಕೆ ಮರಳುವ ಕ್ರಮ ರೂಢಿಯಾಗಿಬಿಟ್ಟರೆ, ತಾನು ವಾಸಿಸುತ್ತಿರುವ ಊರು ಚೀಲ ಇಟ್ಟುಹೋಗುವ ಜಾಗವಾಗಿಬಿಡುತ್ತದೆ. ಇನ್ನೊಂದು ತೊಂದರೆ, ವಿನಿಮಯ ವಿದ್ಯಾರ್ಥಿಗಳ ಗುಂಪು ತನ್ನಷ್ಟಕ್ಕೆ ತಾನೇ ಸಂಪೂರ್ಣವಾಗಿರುವುದು. ಎಲ್ಲರೂ ಒಂಟಿ, ಎಲ್ಲರಿಗೂ ಬಿಡುವು, ಎಲ್ಲರೂ ಇಂಗ್ಲಿಷ್ ಆಡುವವರು. ಸ್ವೀಡನ್ನಿನವರು ಇಂಗ್ಲಿಷನ್ನು ಎಷ್ಟು ಸಲೀಸಾಗಿ ಮಾತನಾಡುತ್ತಾರೆಂದರೆ, ಅವರ ಭಾಷೆಯನ್ನು ಕಲಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಇಡೀ ಸೆಮಿಸ್ಟರನ್ನು ಹೀಗೆ ಆನಂದವಾಗಿ ಕಳೆದು, ಆ ಊರಿನ ಒಬ್ಬರ ಪರಿಚಯವೂ ಆಗದೆ ಹೊರಟುಹೋಗುವುದು ಸಾಧ್ಯ. ಹಾಗೆ ಹೋದವರನ್ನು ನಾನು ಕಂಡಿದ್ದೇನೆ. ಅವರ ಬಗ್ಗೆ ನನಗೆ ಈಗಲೂ ಬೇಸರವಾಗುತ್ತದೆ, ಏಕೆಂದರೆ ಬಾಗಿಲು ಅಲ್ಲೇ ಇತ್ತು.

ಆ ಬಾಗಿಲಿಗೆ ಉಪ್ಸಾಲಾದಲ್ಲಿ ನೇಷನ್ ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ನಿನ ಬೇರೆ ಬೇರೆ ಪ್ರಾಂತ್ಯಗಳಿಂದ ಓದಲು ಬಂದ ಹುಡುಗರು ತಮ್ಮ ಕಡೆಯವರೊಂದಿಗೆ ಸೇರಿ ಕಟ್ಟಿಕೊಂಡ ಸಂಘಗಳಿವು. ಸ್ಮೋಲಾಂಡಿನವರದ್ದೊಂದು, ಕಾಲ್ಮಾರಿನವರದ್ದೊಂದು, ಗಾಟ್‌ಲ್ಯಾಂಡ್ ದ್ವೀಪದವರದ್ದೊಂದು, ಉತ್ತರದ ನಾರ್‌ಲ್ಯಾಂಡಿನವರದ್ದೊಂದು, ಹೀಗೆ ಒಟ್ಟು 13 ಇಂದಿಗೂ ಇವೆ. ಪ್ರತಿಯೊಂದಕ್ಕೂ ಸ್ವಂತ ಕಟ್ಟಡವಿದೆ; ವೆಸ್ಟ್‌ಮನ್‌ಲ್ಯಾಂಡ್ಸ್-ದಾಲಾ ನೇಷನ್ನಿನ ಕಟ್ಟಡದ ವಿನ್ಯಾಸ ಫಿನ್‌ಲ್ಯಾಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೋ ಅವರದ್ದು. 2010ರವರೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ನೇಷನ್ನಿಗೆ ಸೇರುವುದು ಕಡ್ಡಾಯವಾಗಿತ್ತು, ಈಗ ಐಚ್ಛಿಕ. ಯಾವ ಪ್ರಾಂತ್ಯದವರು, ಯಾವ ದೇಶದವರು ಎಂದು ಈಗ ಯಾರೂ ಕೇಳುವುದಿಲ್ಲ, ಯಾರು ಎಲ್ಲಿಗೆ ಬೇಕಾದರೂ ಸೇರಬಹುದು. ಈ ಚರಿತ್ರೆಯನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಈ ಊರಿನ ವಿದ್ಯಾರ್ಥಿ ಜೀವನದ ನಡುಮಧ್ಯದಲ್ಲಿರುವ ಸಂಸ್ಥೆಯನ್ನು ಕಟ್ಟಿದವರೇ ಹೊರಗಿನಿಂದ ಬಂದವರು. ಮನೆಯಿಂದ ದೂರವಿದ್ದ, ಗುರುತುಪರಿಚಯವಿಲ್ಲದ ಊರಿನಲ್ಲಿ ಯಾರಾದರೂ ನಮ್ಮವರಿದ್ದಾರೆಯೇ ಎಂದು ಹುಡುಕಿದವರು.

ನೇಷನ್ನುಗಳಲ್ಲಿ ಪಬ್ಬು, ಕೆಫೆ, ಮಧ್ಯಾಹ್ನದ ಊಟ, ಗಾಯನ ತಂಡ, ನಾಟಕ, ಗ್ರಂಥಾಲಯ ಎಲ್ಲವೂ ಇರುತ್ತವೆ. ಅವೆಲ್ಲ ನಡೆಯುವುದು ವಿದ್ಯಾರ್ಥಿಗಳ ದುಡಿಮೆಯಿಂದ. ಅಡುಗೆಮನೆಯ ಉಸ್ತುವಾರಿ ಹೊತ್ತವರೂ ವಿದ್ಯಾರ್ಥಿಗಳೇ, ಬಡಿಸುವವರೂ ಅವರೇ, ಲೆಕ್ಕ ಬರೆಯುವವರೂ ಅವರೇ. ಒಂದು ಗುರುವಾರ ನಾನು ಸೇರಿದ್ದ ನೇಷನ್ನಿನಲ್ಲಿ ಪಾತ್ರೆ ತೊಳೆಯುವ ಪಾಳಿಗೆ ಜನ ಕಡಿಮೆಯಾಗಿ, ಕೌಂಟರಿನಲ್ಲಿದ್ದ ಹುಡುಗಿ ಸಾಲಿನಲ್ಲಿ ನಿಂತಿದ್ದ ನನ್ನನ್ನೇ ಬರುತ್ತೀಯಾ ಎಂದು ಕೇಳಿದಳು. ಗುರುವಾರ ಬಟಾಣಿ ಸೂಪು, ಪ್ಯಾನ್‌ಕೇಕು ಮಾಡುವುದು ಸ್ವೀಡನ್ನಿನ ಹಳೆಯ ರೂಢಿ. ಬಟಾಣಿ ಸೂಪು ತಟ್ಟೆಯ ಅಂಚಿನಲ್ಲಿ ಒಣಗಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಮೊದಲು ಕೈಸಿಂಪರಣೆಯಿಂದ ಬಿಸಿನೀರು ಹಾಯಿಸಿ ಎಂಜಲನ್ನು ತೆಗೆಯಬೇಕು, ತಟ್ಟೆಗಳನ್ನು ಚೌಕದ ಬುಟ್ಟಿಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು, ಬುಟ್ಟಿಯನ್ನು ಯಂತ್ರದೊಳಕ್ಕೆ ತಳ್ಳಿ ಅದರ ಮುಚ್ಚಳವನ್ನು ಎರಡೂ ಕೈಯಿಂದ ಕೆಳಗೆಳೆಯಬೇಕು. ಕೆಲವೇ ನಿಮಿಷಗಳಲ್ಲಿ ಮುಚ್ಚಳ ಎತ್ತಿದಾಗ ಮುಖಕ್ಕೆ ಹಬೆ ಬಡಿಯುತ್ತದೆ. ತಟ್ಟೆಗಳನ್ನು ಆಗಲೇ ಬಟ್ಟೆಯಿಂದ ಒರೆಸಬಾರದು, ಆ ಬಿಸಿಗೇ ಅವು ಆರಬೇಕು. ಲೋಟಗಳ ಬುಟ್ಟಿ ಬೇರೆ, ಚಮಚಗಳದ್ದು ಬೇರೆ. ಪಕ್ಕದಲ್ಲಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ ಇದನ್ನೆಲ್ಲ ಸ್ವೀಡಿಷ್ ಭಾಷೆಯಲ್ಲಿಯೇ ಹೇಳಿದ. ಗದ್ದಲದಲ್ಲಿ ಅವನಿಗೆ ಇಂಗ್ಲಿಷಿಗೆ ತಿರುಗುವಷ್ಟು ಪುರಸತ್ತಿರಲಿಲ್ಲ. ತಟ್ಟೆ, ಚಾಕು, ಬಿಸಿ, ಬೇಗ, ಇಲ್ಲಿ, ಅಲ್ಲಲ್ಲ: ಭಾಷಾ ತರಗತಿಯಲ್ಲಿ ವಾರಗಟ್ಟಲೆ ಕುಳಿತರೂ ನಿಲ್ಲದ ಪದಗಳು ಆ ಸಂಜೆ ಮನಸ್ಸಿನಲ್ಲಿ ನಿಂತವು. ಪಾಳಿ ಮುಗಿದ ಮೇಲೆ ದುಡಿದವರೆಲ್ಲ ಒಂದೇ ಮೇಜಿಗೆ ಕುಳಿತು ಉಳಿದ ಅಡುಗೆಯನ್ನು ಉಂಡೆವು. ಮುಂದಿನ ಗುರುವಾರ ಬರುತ್ತೀಯಲ್ಲವೇ ಎಂದು ಅವರು ಕೇಳಿದ ರೀತಿಯಲ್ಲಿ ಉಪಚಾರದ ಸೊಲ್ಲೇ ಇರಲಿಲ್ಲ. ಬರದಿದ್ದರೆ ತೊಂದರೆಯಾಗುತ್ತದೆ ಎಂಬ ನಿಜವಾದ ಕಾಳಜಿಯಿತ್ತು. ಅಂದಿನಿಂದ ಗುರುವಾರಗಳಂದು ಆ ಊರಿಗೆ ನಾನು ಬೇಕಾಗಿದ್ದೆ.

ಆ ಪರಿಚಯಗಳು ಅಡುಗೆಮನೆಯಲ್ಲಿಯೇ ಉಳಿಯಲಿಲ್ಲ. ಸ್ವೀಡನ್ನಿನ ಜನ ಬೇಗ ತೆರೆದುಕೊಳ್ಳುವುದಿಲ್ಲವೆಂದು ಹೊರಗಿನವರು ದೂರುವುದುಂಟು. ಬಸ್ಸಿನ ತಂಗುದಾಣದಲ್ಲಿ ಅಪರಿಚಿತರೊಂದಿಗೆ ಅವರು ಮಾತಿಗಿಳಿಯುವುದಿಲ್ಲವೆಂಬುದು ನಿಜ. ಆದರೆ ಜೊತೆಗೆ ಕೆಲಸ ಮಾಡುವಾಗ ಮಾತಿಗೆ ನೆಪ ಬೇಕಿಲ್ಲ, ಮೌನವಾಗಿದ್ದರೂ ಮುಜುಗರವಿಲ್ಲ. ನಾನು ಕಂಡಂತೆ, ಸಂಕೋಚದ ಸ್ವಭಾವದವರ ನಡುವೆ ಸ್ನೇಹ ಬೆಳೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ತರಗತಿಯಲ್ಲಿಯೂ ಇಂಥದ್ದೇ ಒಂದು ಅನುಭವವಾಯಿತು. ಇತಿಹಾಸ ವಿಭಾಗ ಇರುವುದು ಎಂಗೆಲ್ಸ್ಕಾ ಪಾರ್ಕೆನ್ ಎಂಬ ಆವರಣದಲ್ಲಿ, ಥುನ್‌ಬರ್ಗ್ ಹೆಸರಿನ ರಸ್ತೆಯಲ್ಲಿ. ಕಾರ್ಲ್ ಪೀಟರ್ ಥುನ್‌ಬರ್ಗ್ ಇದೇ ಊರಿನಲ್ಲಿ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್‌ನ ಶಿಷ್ಯನಾಗಿದ್ದವನು. 1741ರಲ್ಲಿ ಉಪ್ಸಾಲಾದ ಪ್ರಾಧ್ಯಾಪಕನಾದ ಲಿನೇಯಸ್ ತನ್ನ ವಿದ್ಯಾರ್ಥಿಗಳನ್ನು ಸಸ್ಯಗಳನ್ನು ಸಂಗ್ರಹಿಸಿ ವಿವರಿಸಲು ದೂರ ದೂರದ ದೇಶಗಳಿಗೆ ಕಳಿಸಿದ. ಪೇರ್ ಕಾಲ್ಮ್ ಉತ್ತರ ಅಮೆರಿಕಕ್ಕೆ ಹೋದ. ಡೇನಿಯಲ್ ಸೊಲಾಂಡರ್ 1768ರಲ್ಲಿ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ಕನ ಹಡಗನ್ನೇರಿದ. ಥುನ್‌ಬರ್ಗ್ ಜಪಾನಿನವರೆಗೆ ಹೋಗಿ ಮರಳಿ, ಮುಂದೆ ಗುರುವಿನ ಪೀಠದಲ್ಲಿ ತಾನೇ ಕುಳಿತ. ಪೇರ್ ಫೋರ್ಸ್‌ಕೋಲ್ 1763ರಲ್ಲಿ ಯೆಮನ್ನಿನಲ್ಲಿಯೇ ತೀರಿಕೊಂಡ; ಹಾಗೆ ಮರಳದವರು ಇನ್ನೂ ಹಲವರು. ಅವರ ಯಾತ್ರೆಗಳ ಹಿಂದೆ ವಸಾಹತು ವ್ಯಾಪಾರದ ಹಡಗುಗಳಿದ್ದವೆಂಬುದನ್ನು ಮರೆಯಬಾರದು. ಆದರೂ ಪ್ರತಿದಿನ ಆ ರಸ್ತೆಯ ಫಲಕದ ಕೆಳಗೆ ಸೈಕಲ್ ನಿಲ್ಲಿಸುವಾಗ ನನಗೆ ಅನ್ನಿಸುತ್ತಿದ್ದುದು, ಪರದೇಶಕ್ಕೆ ಹೋದ ಆ ವಿದ್ಯಾರ್ಥಿಗಳ ಕೈಯಲ್ಲಿ ಒಂದು ಕೆಲಸವಿತ್ತು ಎಂದು. ಅದಿದ್ದುದರಿಂದಲೇ ಅವರು ಕಂಡದ್ದನ್ನು ಅಷ್ಟು ಗಮನವಿಟ್ಟು ಕಂಡರು.

ನನಗೆ ಸಿಕ್ಕ ಕೆಲಸ ಚಿಕ್ಕದು. ಅಲ್ಲಿನ ವಿಭಾಗಗಳಲ್ಲಿ ವಿದ್ಯಾರ್ಥಿಯೊಬ್ಬರು ಬರೆದ ಪ್ರಬಂಧವನ್ನು ಅಧ್ಯಾಪಕರು ತಿದ್ದಿ ಕೊಡುವುದರೊಂದಿಗೆ ಮುಗಿಯುವುದಿಲ್ಲ. ಸಹಪಾಠಿಯೊಬ್ಬರು ಅದನ್ನು ಮೊದಲೇ ಓದಿಕೊಂಡು ಬಂದು, ಎಲ್ಲರ ಮುಂದೆ ಅದರ ವಾದವನ್ನು ಒರೆಗೆ ಹಚ್ಚಬೇಕು. ಹಾಗೆ ಓದುವವರನ್ನು ಅಪೋನೆಂಟ್ ಎನ್ನುತ್ತಾರೆ. ಪಟ್ಟಿಯಲ್ಲಿ ನನ್ನ ಹೆಸರಿನ ಎದುರಿಗೆ ಬಂದದ್ದು ಹದಿನೆಂಟನೆಯ ಶತಮಾನದ ಬೆಳೆನಷ್ಟಗಳ ಕುರಿತ ಒಂದು ಬರಹ. ಅದನ್ನು ಕ್ಯಾರೊಲಿನಾ ರೆಡಿವೀವಾ ಗ್ರಂಥಾಲಯದ ಓದುಕೋಣೆಯಲ್ಲಿ ಕುಳಿತು ಓದಿದೆ. ಬರೆದವಳು ಉಲ್ಲೇಖಿಸಿದ ಆಕರಗಳಲ್ಲಿ ನನಗೆ ತೆರೆಯಲು ಸಾಧ್ಯವಾದವನ್ನೆಲ್ಲ ತೆರೆದು ನೋಡಿದೆ. ಎರಡು ಪ್ಯಾರಿಷ್‌ಗಳ (ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳ) ದಾಖಲೆಯಿಂದ ಇಡೀ ಪ್ರಾಂತ್ಯದ ಬಗ್ಗೆ ತೀರ್ಮಾನಕ್ಕೆ ಬರಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆಯಾಗಿತ್ತು. ಅಷ್ಟು ಜನರ ಮುಂದೆ ಅದನ್ನು ಕೇಳುವಾಗ ಧ್ವನಿ ಸಣ್ಣದಾಯಿತು. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬರಲಾಗದು ಎಂದು ಒಪ್ಪಿ, ಶೀರ್ಷಿಕೆಯನ್ನೇ ಕಿರಿದುಗೊಳಿಸುವುದಾಗಿ ಹೇಳಿದಳು. ಅಧ್ಯಾಪಕರನ್ನು ಎಲ್ಲರೂ ಮೊದಲ ಹೆಸರಿನಿಂದಲೇ ಕರೆಯುವ ಆ ಕೋಣೆಯಲ್ಲಿ ನನ್ನ ಮಾತಿಗೆ ಪರದೇಶದವರ ಮಾತೆಂಬ ರಿಯಾಯಿತಿ ಸಿಗಲಿಲ್ಲ. ಅದೇ ನನಗೆ ಸಿಕ್ಕ ದೊಡ್ಡ ಗೌರವ. ವಿನಿಮಯ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಕರುಣೆಯಿಂದ ತೋರಿಸುವ ಸಡಿಲಿಕೆ, ಇವರು ಹೇಗಿದ್ದರೂ ಹೋಗುವವರು ಎಂಬ ನಯವಾದ ಉಪೇಕ್ಷೆ, ಎಷ್ಟು ಒಳ್ಳೆಯ ಮನಸ್ಸಿನಿಂದ ಬಂದರೂ ಹಾನಿಕರವೆಂದೇ ನಾನು ಭಾವಿಸುತ್ತೇನೆ.

ನವೆಂಬರಿನ ಹೊತ್ತಿಗೆ ಕತ್ತಲೆ ಬಂತು. ಅಕ್ಷಾಂಶ ಸುಮಾರು 60 ಡಿಗ್ರಿಯಷ್ಟು ಉತ್ತರದಲ್ಲಿರುವ ಆ ಊರಿನಲ್ಲಿ ಡಿಸೆಂಬರಿನ ನಡುವೆ ಸೂರ್ಯ ಒಂಬತ್ತು ಗಂಟೆಯ ಹತ್ತಿರ ಹುಟ್ಟಿ ಮೂರಕ್ಕೂ ಮುಂಚೆ ಮುಳುಗುತ್ತಾನೆ. ಮೋಡ ಕವಿದರೆ ಹುಟ್ಟಿದ್ದೂ ತಿಳಿಯುವುದಿಲ್ಲ. ಮೊದಲ ತಿಂಗಳ ಉತ್ಸಾಹ ಇಳಿದು ಒಂಟಿತನ ಗಟ್ಟಿಯಾಗುವುದು ಆಗ. ಕಿಟಕಿಗಳಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟ್ ವಾರಗಳ ನಕ್ಷತ್ರದೀಪಗಳು ಹೊತ್ತಿಕೊಳ್ಳುತ್ತವೆ, ಡಿಸೆಂಬರ್ 13ರಂದು ಲೂಸಿಯಾ ಹಬ್ಬದ ಹಾಡುಗಳು ಕೇಳಿಸುತ್ತವೆ, ಅವೆಲ್ಲ ಚೆಂದವೇ. ಆದರೆ ಮಧ್ಯಾಹ್ನ ಮೂರಕ್ಕೇ ರಾತ್ರಿಯಾದ ದಿನಗಳಲ್ಲಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಹಬ್ಬವಲ್ಲ, ಪಾಳಿ. ಸೈಕಲ್ಲಿನ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹೊತ್ತಿಸಿಕೊಂಡು (ಕತ್ತಲಲ್ಲಿ ಅವಿಲ್ಲದೆ ಹೋಗುವುದು ಅಲ್ಲಿ ಕಾನೂನಿಗೆ ವಿರುದ್ಧ) ಫ್ಯೂರಿಸ್ ನದಿಯ ಕಡೆಗೆ ಇಳಿದುಹೋಗುತ್ತಿದ್ದೆ. ತಟ್ಟೆಗಳು ಕಾಯುತ್ತಿರುತ್ತವೆ ಎಂಬ ಯೋಚನೆಗೆ ಅಷ್ಟು ಶಕ್ತಿಯಿದೆಯೆಂದು ನನಗೆ ಮೊದಲು ಗೊತ್ತಿರಲಿಲ್ಲ. ಒಂಟಿತನದಿಂದ ಬಳಲುವ ವಿದ್ಯಾರ್ಥಿಗಳಿಗೆ ಎಲ್ಲರೂ ಹೊರಗೆ ಹೋಗಿ, ಜನರನ್ನು ಭೇಟಿಯಾಗಿ ಎಂದು ಹೇಳುತ್ತಾರೆ. ಆದರೆ ಮನಸ್ಸು ಕುಗ್ಗಿದವರಿಗೆ ಸಂತೋಷಕ್ಕಾಗಿ ಹೊರಗೆ ಹೋಗುವುದು ಬಲು ಕಷ್ಟ. ಯಾರಿಗೋ ಮಾತು ಕೊಟ್ಟಿದ್ದೇನೆಂದು ಹೋಗುವುದು ಅಷ್ಟು ಕಷ್ಟವಲ್ಲ.

ಹೊರಡುವ ಕೆಲಸಗಳು ಹೊರಡುವ ಕೆಲಸಗಳಂತೆಯೇ ಇದ್ದವು: ಕೋಣೆ ತೊಳೆದು ತಪಾಸಣೆಗೆ ಒಪ್ಪಿಸುವುದು, ಪುಸ್ತಕಗಳನ್ನು ಮರಳಿಸುವುದು, ಸೈಕಲ್ಲನ್ನು ಜನವರಿಯಲ್ಲಿ ಬರುವ ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಗುರುವಾರದ ಪಾಳಿಗೆ ನನ್ನ ಬದಲು ಬರುವವರನ್ನು ನಾನೇ ಹುಡುಕಿ, ಬುಟ್ಟಿ ಜೋಡಿಸುವ ಕ್ರಮವನ್ನು ಅವರಿಗೆ ತೋರಿಸಿಕೊಟ್ಟೆ.

ಊರಿಗೆ ಬಂದ ಮೇಲೆ ನಾನು ಗಮನಿಸಿದ್ದು, ನಮ್ಮ ವಿಶ್ವವಿದ್ಯಾಲಯಕ್ಕೂ ಅದೇ ಒಪ್ಪಂದದಡಿ ಹೊರಗಿನ ವಿದ್ಯಾರ್ಥಿಗಳು ಬರುತ್ತಿದ್ದಾರೆ ಎಂಬುದನ್ನು. ಮೊದಲೂ ಬರುತ್ತಿದ್ದರು, ನಾನು ಅವರನ್ನು ಕಾರಿಡಾರಿನಲ್ಲಿ ನೋಡಿ ಮುಗುಳ್ನಕ್ಕು ಮುಂದೆ ಹೋಗುತ್ತಿದ್ದೆ. ಅವರಿಗೂ ಸ್ವಾಗತ ಸಮಾರಂಭವಿರುತ್ತದೆ, ಊರು ತೋರಿಸುವ ಬಸ್ಸಿರುತ್ತದೆ, ಮುಂದಿನ ಸಾಲಿನಲ್ಲಿ ಕುರ್ಚಿಯಿರುತ್ತದೆ. ಕೆಲಸ ಮಾತ್ರ ಯಾರೂ ಕೊಡುವುದಿಲ್ಲ. ಅತಿಥಿಗಳಿಂದ ಕೆಲಸ ಮಾಡಿಸುವುದೆಂದರೆ ನಮಗೆ ಸಂಕೋಚ. ಆ ಸಂಕೋಚವನ್ನು ಬಿಡಬೇಕೆಂದು ನಾನು ವಿಭಾಗದ ಗೆಳೆಯರನ್ನು ಒಪ್ಪಿಸಲು ಸ್ವಲ್ಪ ಕಾಲ ಹಿಡಿಯಿತು. ಈ ಸೆಮಿಸ್ಟರಿಗೆ ಬಂದಿರುವ ಇಬ್ಬರಲ್ಲಿ ಒಬ್ಬರು ಈಗ ವಿಭಾಗದ ಗೋಡೆಪತ್ರಿಕೆಯ ಸಂಪಾದಕ ಮಂಡಳಿಯಲ್ಲಿದ್ದಾರೆ, ಭಾಷೆ ಬಾರದಿದ್ದರೂ ಚಿತ್ರ, ನಕ್ಷೆಗಳ ಹೊಣೆ ಅವರದು. ಇನ್ನೊಬ್ಬರು ಮುಂದಿನ ತಿಂಗಳ ವಿಚಾರ ಸಂಕಿರಣದಲ್ಲಿ ನನ್ನ ಪ್ರಬಂಧದ ಮೇಲೆ ಪ್ರಶ್ನೆಗಳನ್ನೆತ್ತಲಿದ್ದಾರೆ. ಯಾವ ರಿಯಾಯಿತಿಯನ್ನೂ ತೋರಿಸಬೇಡಿ ಎಂದು ಕೇಳಿಕೊಂಡು, ಕರಡನ್ನು ಮೊನ್ನೆ ಅವರಿಗೆ ಕಳಿಸಿದ್ದೇನೆ.